ಕೆಳದಿಯ ಉಳಿವು, ತರೀಕೆರೆಯ ಅಳಿವು: ಪ್ರತ್ಯೇಕ ರಾಜ್ಯದ ಪ್ರಶ್ನೆಯನ್ನು ಕುರಿತು

ದೊಡ್ಡದೊಂದು ರಾಷ್ಟ್ರದ ಅಂಗವಾಗಿರುವ ರಾಜ್ಯವು ಅದರಿಂದ ಬೇರ್ಪಟ್ಟು ಸ್ವತಂತ್ರ ದೇಶವಾಗಿ ಬಾಳಬಲ್ಲುದೇ ಎಂಬ ಪ್ರಶ್ನೆಯು ಆಗಾಗ ಕೇಳಿಬರುತ್ತದೆ. ನದಿನೀರಿನ ಹಂಚಿಕೆ, ತೆರಿಗೆಯ ಪಾಲು, ಭಾಷೆಯ ಸ್ಥಾನಮಾನ, ಇವುಗಳಲ್ಲಿ ಯಾವುದಾದರೊಂದರ ವಿಷಯವಾಗಿ ನಾಡಿನ ಮನಸ್ಸು ನೊಂದಾಗ ಈ ಮಾತು ತಲೆಯೆತ್ತುತ್ತದೆ; ನೋವು ತಗ್ಗಿದಾಗ ತಾನೂ ಅಡಗುತ್ತದೆ. ವೀರಶೈವ ಸಾಹಿತ್ಯವನ್ನು ಅಭ್ಯಾಸ ಮಾಡುವವರಲ್ಲಂತೂ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದು ಉಂಟು. ಅದೆಂದರೆ ಕೆಳದಿ. ವಿಜಯನಗರದ ಅಧೀನದಲ್ಲಿದ್ದ ಮಲೆನಾಡಿನ ಮನೆತನವೊಂದು ಶಿವಾನುಗ್ರಹದಿಂದಲೂ ಖಡ್ಗಬಲದಿಂದಲೂ ಸ್ವತಂತ್ರವಾಗಿ, 1763ರವರೆಗೆ ತಲೆಯೆತ್ತಿ ಬಾಳಿತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಈ ಹೆಮ್ಮೆಗೆ ಆಧಾರವಿಲ್ಲವೆಂದು ಯಾರೂ ಹೇಳಲಾರರು. ಆದರೆ ಹೆಮ್ಮೆಯು ಕಾರಣವನ್ನು ತಿಳಿಸುವುದಿಲ್ಲ. ಕೆಳದಿಯು ಏಕೆ ಉಳಿಯಿತು ಎಂದು ಕೇಳದೆ ಅದನ್ನು ಉದಾಹರಣೆಯಾಗಿ ಮುಂದಿಡುವುದು ವಿಮರ್ಶೆಯ ಮಾರ್ಗವಲ್ಲ.

ಈ ಕಾರಣವನ್ನು ಅರಿಯುವುದಕ್ಕೆ ಕೆಳದಿಯೊಂದನ್ನೇ ನೋಡಿದರೆ ಸಾಲದು. ಅದರ ನೆರೆಯಲ್ಲೇ, ಅದೇ ವಿಜಯನಗರದ ನೆರಳಿನಲ್ಲೇ ಬೆಳೆದು, ಅದೇ ಸ್ವಾತಂತ್ರ್ಯವನ್ನು ಬಯಸಿ, ಅದನ್ನು ಉಳಿಸಿಕೊಳ್ಳಲಾರದೆ ಹೋದ ಇನ್ನೊಂದು ಮನೆತನವುಂಟು. ಅದು ಬಸವಾಪಟ್ಟಣದಲ್ಲಿ ಹುಟ್ಟಿ, ಸಂತೆಬೆನ್ನೂರಿನಲ್ಲಿ ಮೆರೆದು, ಕಡೆಗೆ ತರೀಕೆರೆಯಲ್ಲಿ ನೆಲೆಸಿದ ನಾಯಕರ ವಂಶ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಆಕರಗಳ ಮಾತು. ಕೆಳದಿಯ ಇತಿಹಾಸಕ್ಕೆ ಎರಡು ಗ್ರಂಥಗಳು ಮುಖ್ಯವಾಗಿವೆ. ಒಂದು, ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರ. ಒಂಬತ್ತು ಕಲ್ಲೋಲಗಳಲ್ಲಿ ನೂರೆಂಟು ತರಂಗಗಳಾಗಿ ಹರಡಿರುವ ಈ ವಿಶ್ವಕೋಶದಲ್ಲಿ ರಾಜನೀತಿಯೂ ಉಂಟು, ಪಾಕಶಾಸ್ತ್ರವೂ ಉಂಟು, ಕೆಳದಿಯ ಅರಸರ ಚರಿತ್ರೆಯೂ ಉಂಟು. ಇನ್ನೊಂದು, ಹದಿನೆಂಟನೆಯ ಶತಮಾನದ ಲಿಂಗಣ್ಣಕವಿಯ ಕೆಳದಿನೃಪವಿಜಯ. ಹನ್ನೆರಡು ಆಶ್ವಾಸಗಳ ಈ ಚಂಪೂಕಾವ್ಯವು ಅರಸರ ವಂಶಾವಳಿ, ಯುದ್ಧ, ದಾನದತ್ತಿಗಳನ್ನು ಕ್ರಮವಾಗಿ ನಿರೂಪಿಸುವುದರಿಂದ ಇತಿಹಾಸಕಾರರು ಇದನ್ನು ಕಾವ್ಯಕ್ಕಿಂತ ಹೆಚ್ಚಾಗಿ ದಾಖಲೆಯೆಂದೇ ಬಳಸಿಕೊಂಡಿದ್ದಾರೆ. ಆದರೂ ಕೃತಿಯ ಹೆಸರನ್ನೇ ಗಮನಿಸಬೇಕು. ಅದು ನೃಪರ ವಿಜಯ. ನೃಪನ ಕೈಯಲ್ಲಿ ನಡೆದುದನ್ನು ಅದು ಎತ್ತಿ ಹೇಳುತ್ತದೆ. ನೃಪನ ಕೈಮೀರಿ, ನೆಲದಿಂದಲೂ ನೀರಿನಿಂದಲೂ ನೆರೆಯವರಿಂದಲೂ ಒದಗಿದುದನ್ನು ಓದುಗರಾದ ನಾವು ಬೇರೆಡೆಯಿಂದ ತುಂಬಿಕೊಳ್ಳಬೇಕು.

ತುಂಬಿಕೊಳ್ಳುವುದಕ್ಕೆ ನಮ್ಮ ಪ್ರಾಚೀನರೇ ಅಳತೆಗೋಲನ್ನು ಕೊಟ್ಟಿದ್ದಾರೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳು ಕೂಡಿದರೆ ಮಾತ್ರ ರಾಜ್ಯವೆನಿಸುತ್ತದೆಂದು ಅರ್ಥಶಾಸ್ತ್ರವು ಹೇಳುತ್ತದೆ. ಬೇರ್ಪಡುವುದಕ್ಕೆ ಸ್ವಾಮಿ, ದುರ್ಗ, ದಂಡ ಎಂಬ ಮೂರು ಅಂಗಗಳು ಸಾಕಾಗಬಹುದು. ಬಾಳುವುದಕ್ಕೆ ಮಿಕ್ಕ ನಾಲ್ಕೂ ಬೇಕು. ಈ ಲೇಖನದ ವಾದವನ್ನು ಸಂಗ್ರಹಿಸಿ ಹೇಳುವುದಾದರೆ ಇಷ್ಟೆ.

ತರೀಕೆರೆಯ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ನೋಡಿದವರು ಅನೇಕರಿದ್ದಾರೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಅದನ್ನು 1196ರಲ್ಲಿ ಕಟ್ಟಿಸಿದನು. ಅಲ್ಲಿಯ ಶಾಸನದಲ್ಲಿ ಜನ್ನಕವಿಯ ಪದ್ಯಗಳಿವೆಯೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಆದರೆ ಆ ಇಸವಿಯ ರಾಜಕೀಯ ಮಹತ್ತ್ವವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹೊಯ್ಸಳರು ಮೊದಲು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಮಹಾಪರಾಕ್ರಮಿಯಾದ ವಿಷ್ಣುವರ್ಧನನು ಆ ಅಧೀನತೆಯನ್ನು ಕಳಚಿಕೊಳ್ಳಲು ಹೆಣಗಿದನು. ಆರನೆಯ ವಿಕ್ರಮಾದಿತ್ಯನು ಗಟ್ಟಿಯಾಗಿದ್ದಷ್ಟು ಕಾಲ ಅದು ಕೈಗೂಡಲಿಲ್ಲ. ಅವನ ಮೊಮ್ಮಗನಾದ ಬಲ್ಲಾಳನಿಗೆ ಅದು ಕೈಗೂಡಿತು. ಅಷ್ಟರಲ್ಲಿ ಕಳಚುರ್ಯರ ದೆಸೆಯಿಂದ ಚಾಲುಕ್ಯ ಸಿಂಹಾಸನವು ಒಳಗೊಳಗೇ ಟೊಳ್ಳಾಗಿತ್ತು. ತಾತನಿಗಿಂತ ಮೊಮ್ಮಗನು ಹೆಚ್ಚಿನ ಶೂರನೆಂದು ಇದರಿಂದ ತಿಳಿಯತಕ್ಕುದಲ್ಲ. ಕೇಂದ್ರವು ತಾನಾಗಿ ಕುಸಿದಾಗ ಅಂಚು ಸ್ವತಂತ್ರವಾಗುತ್ತದೆ. ಕೇಂದ್ರವು ನಿಂತಿರುವಾಗ ಅಂಚಿನ ಶೌರ್ಯವು ಬಂಡಾಯವೆನಿಸಿಕೊಂಡು ಮುಗಿಯುತ್ತದೆ. ಅಮೃತಾಪುರದ ಇಸವಿಯು ಕಲಿಸುವ ಮೊದಲ ಪಾಠವಿದು.

ಎರಡು ನಾಯಕ ಮನೆತನಗಳಿಗೂ ಇಂತಹ ಅವಕಾಶವು ಒಟ್ಟಿಗೇ ಒದಗಿತು. 1565ರ ಯುದ್ಧದಿಂದ ವಿಜಯನಗರವು ಮುರಿದು, ಅರಸರು ಪೆನುಗೊಂಡೆಗೆ ಸರಿದಮೇಲೆ ಕೆಳದಿಯವರನ್ನಾಗಲಿ ಬಸವಾಪಟ್ಟಣದವರನ್ನಾಗಲಿ ಹಿಡಿದು ನಿಲ್ಲಿಸುವ ಕೈ ಉಳಿಯಲಿಲ್ಲ. ಹಿರಿಯ ವೆಂಕಟಪ್ಪನಾಯಕನ ಕಾಲಕ್ಕೆ ಕೆಳದಿಯು ಸ್ವತಂತ್ರವಾಯಿತೆಂದು ಹೇಳುತ್ತೇವೆ. ಆದರೆ ಆ ಸ್ವಾತಂತ್ರ್ಯವು ಎಂತಹುದಾಗಿತ್ತು? 1623ರಲ್ಲಿ ಪೋರ್ಚುಗೀಸರ ರಾಯಭಾರದೊಡನೆ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಲ್ಲೆಯು ವೆಂಕಟಪ್ಪನನ್ನು ಅರಸನೆಂದು ಕರೆಯಲು ಹಿಂದೆಮುಂದೆ ನೋಡಿದನು. ಈತನು ವಿಜಯನಗರದ ಸಾಮಂತನಾಗಿದ್ದವನು, ಈಗಲೂ ಬಿಜಾಪುರದ ಆದಿಲಶಾಹನಿಗೆ ಕಪ್ಪ ಕೊಡುವವನು ಎಂಬುದು ಅವನ ಆಕ್ಷೇಪವಾಗಿತ್ತು. ನಮ್ಮ ಅಭಿಮಾನಕ್ಕೆ ಇದು ನೋವುಂಟುಮಾಡಬಹುದು. ಆದರೆ ಕಪ್ಪವನ್ನು ಕೊಟ್ಟು ಕಾಲವನ್ನು ಕೊಂಡುಕೊಳ್ಳುವುದು ಚಿಕ್ಕ ರಾಜ್ಯದ ದೌರ್ಬಲ್ಯ ಮಾತ್ರವಲ್ಲ, ವಿವೇಕವೂ ಹೌದು. ಆ ವಿವೇಕವನ್ನು ಕಾವ್ಯಗಳು ಎತ್ತಿ ಹಾಡುವುದಿಲ್ಲ. ಪರಕೀಯನ ದಿನಚರಿಯು ಅದನ್ನು ಅರಿಯದೆಯೇ ದಾಖಲಿಸಿದೆ.

ಮಿತ್ರಾಂಗದ ಪರೀಕ್ಷೆಯು 1637ರಲ್ಲಿ ನಡೆಯಿತು. ಸಂತೆಬೆನ್ನೂರಿನ ಸುಂದರವಾದ ಪುಷ್ಕರಣಿಯಿಂದ ಇಂದಿಗೂ ನೆನೆಯಲ್ಪಡುವ ಕೆಂಗ ಹನುಮಪ್ಪನಾಯಕನು, ಕೆಳದಿಯ ವೀರಭದ್ರನಾಯಕನ ಮೇಲಿನ ದ್ವೇಷದಿಂದ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಪಕ್ಷವನ್ನು ವಹಿಸಿದನು. ಇಕ್ಕೇರಿಯು ಲೂಟಿಯಾಯಿತು. ವೀರಭದ್ರನು ಅಪಾರವಾದ ಹಣವನ್ನು ತೆತ್ತು ಸಂಧಿ ಮಾಡಿಕೊಂಡು, ಘಟ್ಟದ ಅಂಚಿನ ಬಿದನೂರಿಗೆ ರಾಜಧಾನಿಯನ್ನು ಸಾಗಿಸಿ ಬದುಕಿಕೊಂಡನು. ಕರೆತಂದವನ ಗತಿಯೇನಾಯಿತು? ಕೆಲವೇ ವರ್ಷಗಳಲ್ಲಿ ಅದೇ ಬಿಜಾಪುರದ ಸೇನೆಯು ಬಸವಾಪಟ್ಟಣವನ್ನು ಹಿಡಿಯಿತು; ಆ ವಂಶವು ನೆಲೆತಪ್ಪಿ, ಕಡೆಗೆ ತರೀಕೆರೆಯನ್ನು ಆಶ್ರಯಿಸಬೇಕಾಯಿತು. ನೆರೆಯವನನ್ನು ಮಣಿಸಲು ದೂರದ ಬಲಿಷ್ಠನನ್ನು ಕರೆಯುವವನು ತನ್ನ ಬಾಗಿಲನ್ನೂ ತೆರೆದಿಟ್ಟಿರುತ್ತಾನೆ.

ಒಬ್ಬನಿಗೆ ಹಿಂದೆ ಸರಿಯಲು ಬಿದನೂರು ಇತ್ತು, ಇನ್ನೊಬ್ಬನಿಗೆ ಇರಲಿಲ್ಲ ಎಂಬುದು ಆಕಸ್ಮಿಕವಲ್ಲ. ಭೂಗೋಳವೇ ಇಲ್ಲಿ ಮಾತನಾಡುತ್ತದೆ. ಕೆಳದಿಯ ಬೆನ್ನಿಗೆ ದಟ್ಟವಾದ ಕಾಡು, ಕಾಡಿನ ಕೆಳಗೆ ಕರಾವಳಿ, ಕರಾವಳಿಯಲ್ಲಿ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳೆಂಬ ಬಂದರುಗಳಿದ್ದುವು. ಮಲೆನಾಡಿನ ಮೆಣಸು ಈ ಬಂದರುಗಳಿಂದ ಹೊರಹೋಗುತ್ತಿತ್ತು. ಗೋವೆಯ ಪೋರ್ಚುಗೀಸರು ತಮ್ಮ ಅನ್ನಕ್ಕೆ ಬಸರೂರಿನ ಅಕ್ಕಿಯನ್ನು ನೆಚ್ಚಿದ್ದರು. ನಮ್ಮ ಅಕ್ಕಿಯನ್ನು ಉಣ್ಣುವವನು ನಮ್ಮೊಡನೆ ಜಗಳವಾಡಿದರೂ ನಮ್ಮನ್ನು ಪೂರ್ತಿಯಾಗಿ ನಾಶಮಾಡಲು ಹಿಂಜರಿಯುತ್ತಾನೆ. ಶಿವಪ್ಪನಾಯಕನು 1653-54ರ ಸುಮಾರಿಗೆ ಪೋರ್ಚುಗೀಸರ ಕೋಟೆಗಳನ್ನೇ ಕಿತ್ತುಕೊಂಡಮೇಲಂತೂ ಕೋಶದ ಬೀಗದಕೈ ಕೆಳದಿಯ ಸೊಂಟದಲ್ಲಿಯೇ ಉಳಿಯಿತು. ತರೀಕೆರೆಯ ಸ್ಥಿತಿಯಾದರೋ ಬೇರೆ. ಅದು ಮಲೆನಾಡಿಗೂ ಬಯಲಿಗೂ ನಡುವಿನ ಹೊಸ್ತಿಲು. ಪಶ್ಚಿಮಕ್ಕೆ ಕೆಳದಿ, ದಕ್ಷಿಣಕ್ಕೆ ಮೈಸೂರು, ಪೂರ್ವಕ್ಕೆ ಚಿತ್ರದುರ್ಗ, ಉತ್ತರಕ್ಕೆ ಬಿಜಾಪುರ. ಸಮುದ್ರವು ಎಲ್ಲಿಯೂ ಇಲ್ಲ. ಹೊಸ್ತಿಲನ್ನು ಎಲ್ಲರೂ ದಾಟುತ್ತಾರೆ. ಅದರ ಮೇಲೆ ಮನೆ ಕಟ್ಟುವುದು ಕಷ್ಟ.

ಹೊರಗಿನ ಜಗತ್ತಿನಲ್ಲಿಯೂ ಈ ಮಾತು ನಿಜವಾಗಿದೆ. 1967ರಲ್ಲಿ ನೈಜೀರಿಯದಿಂದ ಬೇರ್ಪಟ್ಟ ಬಿಯಾಫ್ರವು ತೈಲಸಂಪತ್ತನ್ನು ಹೊಂದಿದ್ದರೂ ಬಂದರುಗಳನ್ನು ಕಳೆದುಕೊಂಡಮೇಲೆ ಹಸಿವಿನಿಂದ ಸೊರಗಿ 1970ರಲ್ಲಿ ಶರಣಾಯಿತು. 2011ರಲ್ಲಿ ಸ್ವತಂತ್ರವಾದ ದಕ್ಷಿಣ ಸೂಡಾನವು ತನ್ನ ತೈಲವನ್ನು ಹೊರಗೆ ಕಳಿಸುವುದಕ್ಕೆ ತಾನು ತೊರೆದುಬಂದ ಸೂಡಾನಿನ ಕೊಳವೆಮಾರ್ಗವನ್ನೇ ಅವಲಂಬಿಸಬೇಕಾಯಿತು. ಅಂಗೈಯಗಲದ ಸಿಂಗಪುರವು 1965ರಲ್ಲಿ ಮಲೇಶಿಯದಿಂದ ಬೇರೆಯಾಗಿಯೂ ಬಾಳಿತು. ಅದರ ಬಂದರು ಜಗತ್ತಿಗೇ ಬೇಕಾಗಿದ್ದುದು ಇದಕ್ಕೆ ಒಂದು ಕಾರಣ. ಕುಡಿಯುವ ನೀರಿಗಾಗಿ ಬಿಟ್ಟುಬಂದ ನೆರೆಯವರೊಡನೆ 1961, 1962ರಲ್ಲೇ ಆಗಿದ್ದ ಒಪ್ಪಂದಗಳು ಊರ್ಜಿತವಾಗಿಯೇ ಉಳಿದುದು ಇನ್ನೊಂದು ಕಾರಣ.

ಕೋಶಕ್ಕೆ ಬಂದರು ಒಂದು ಕಣ್ಣಾದರೆ ಜನಪದವು ಇನ್ನೊಂದು ಕಣ್ಣು. ಶಿವಪ್ಪನಾಯಕನ ಶಿಸ್ತೆಂದರೆ ಇಂದಿಗೂ ಮಲೆನಾಡಿನ ಮನೆಮನೆಯ ಮಾತು. ನೆಲದ ಗುಣವನ್ನು ಪರೀಕ್ಷಿಸಿ, ಹಲವು ವರ್ಷಗಳ ಬೆಳೆಯ ಸರಾಸರಿಯನ್ನು ಕಂಡು, ಮೂರರಲ್ಲಿ ಒಂದು ಭಾಗವನ್ನು ಅರಮನೆಗೆ ಗೊತ್ತುಪಡಿಸಿದ ಆ ವ್ಯವಸ್ಥೆಯಿಂದ ರೈತನಿಗೆ ತಾನು ಕೊಡಬೇಕಾದುದೆಷ್ಟು ಎಂಬುದು ಮೊದಲೇ ತಿಳಿಯುತ್ತಿತ್ತು. ಲಿಂಗಣ್ಣನು ವರ್ಣಿಸುವ ಯುದ್ಧಗಳಲ್ಲಿ ಯಾವುದೊಂದೂ ಕೆಳದಿಯನ್ನು ಈ ಶಿಸ್ತಿನಷ್ಟು ಕಾಲ ಕಾಯಲಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಕೆಳದಿಯ ಸ್ವಾತಂತ್ರ್ಯದ ಸ್ವರೂಪವನ್ನು ತಿಳಿಯಲು ಇನ್ನೊಂದು ಪ್ರಸಂಗವಿದೆ. ಅದು ಕಡೂರು ಸೀಮೆಗೇ ಸೇರಿದುದು. ರಾಜ್ಯಭ್ರಷ್ಟನಾದ ವಿಜಯನಗರದ ಶ್ರೀರಂಗರಾಯನು ಶಿವಪ್ಪನಾಯಕನ ಆಶ್ರಯವನ್ನು ಬೇಡಿ ಬಂದಾಗ, ಶಿವಪ್ಪನು ಅವನಿಗೆ ಬೇಲೂರು ಮತ್ತು ಸಖರಾಯಪಟ್ಟಣಗಳ ಸೀಮೆಯನ್ನು ವಹಿಸಿಕೊಟ್ಟು, ಅವನ ಪರವಾಗಿಯೇ ಶ್ರೀರಂಗಪಟ್ಟಣವನ್ನು ಮುತ್ತಿದನು. ಸಾಮಂತನ ಮನೆಯಲ್ಲಿ ಸಾರ್ವಭೌಮನು ಅತಿಥಿಯಾದ ಈ ದೃಶ್ಯವು ಎಷ್ಟು ಅರ್ಥಗರ್ಭಿತವಾಗಿದೆ! ಬೇರ್ಪಟ್ಟು ಎರಡು ತಲೆಮಾರು ಕಳೆದಿದ್ದರೂ ಕೆಳದಿಗೆ ಆ ಹಳೆಯ ಹೆಸರಿನ ಗೌರವವು ಬೇಕಾಗಿತ್ತು. ಬಿಟ್ಟುಬಂದ ಮನೆಯನ್ನು ದೂಷಿಸುವುದರಿಂದಲ್ಲ, ಅದರ ಋಣವನ್ನು ಒಪ್ಪಿಕೊಂಡುದರಿಂದ ಕೆಳದಿಯು ನೆರೆಯವರ ಕಣ್ಣಿನಲ್ಲಿ ರಾಜ್ಯವೆನಿಸಿಕೊಂಡಿತು. ಅದೇ ಔದಾರ್ಯದಿಂದ ಮುಂದೆ ರಾಣಿ ಚೆನ್ನಮ್ಮಾಜಿಯು ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದಳು.

ಆದರೂ ಕೆಳದಿಯು ಅಳಿಯಿತು. ಅದನ್ನೂ ಮರೆಮಾಚದೆ ಹೇಳಬೇಕು. 1690ರ ಸುಮಾರಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಸೇನೆಯು ಕಡೂರು, ಸಖರಾಯಪಟ್ಟಣಗಳ ಬಯಲನ್ನು ತನ್ನದಾಗಿಸಿಕೊಂಡಿತು. ಅದೇ ಒಡೆಯರು ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ವ್ಯವಸ್ಥೆಗೊಳಿಸಿದ ದನಗಳ ಇಲಾಖೆಯನ್ನು ಹೈದರಾಲಿಯು ಸೈನ್ಯದ ಸಾಗಾಣಿಕೆಗೆ ಬಳಸಿ ಬೆಳೆಸಿದನು. ಟಿಪ್ಪುವು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವನ್ನು ಕಾಣುವವರು, ಕೆಳದಿಯನ್ನು ಗೆದ್ದ ಮೈಸೂರಿನ ದಂಡಾಂಗವು ಎಂತಹ ಎತ್ತುಗಳ ಹೆಗಲಿನ ಮೇಲೆ ನಡೆಯಿತೆಂಬುದನ್ನು ಊಹಿಸಿಕೊಳ್ಳಬಹುದು. ಇತ್ತ ಬಿದನೂರಿನಲ್ಲಿ ಸ್ವಾಮಿಯೆಂಬ ಮೊದಲ ಅಂಗವೇ ಕೆಟ್ಟಿತ್ತು. ವೀರಮ್ಮಾಜಿಯ ಕಾಲದ ಉತ್ತರಾಧಿಕಾರದ ಕಲಹದಲ್ಲಿ, ಸಿಂಹಾಸನಕ್ಕೆ ಹಕ್ಕುದಾರನೆನ್ನುವವನೊಬ್ಬನು ಹೈದರನ ಸಹಾಯವನ್ನು ಕೋರಿದನು. 1637ರಲ್ಲಿ ನೆರೆಯವನು ಮಾಡಿದ ತಪ್ಪನ್ನು 1763ರಲ್ಲಿ ಮನೆಯವರೇ ಮಾಡಿದರು. ಬಿದನೂರು ಹೋಯಿತು, ಅದರೊಡನೆ ಬಂದರುಗಳೂ ಹೋದುವು.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. 1799ರಲ್ಲಿ ಟಿಪ್ಪುವು ಮಡಿದಮೇಲೆ ಹಳೆಯ ಕೆಳದಿಯ ನೆಲವನ್ನು ಘಟ್ಟದ ಅಂಚಿನಲ್ಲಿ ಎರಡಾಗಿ ಸೀಳಲಾಯಿತು. ಕರಾವಳಿಯು ಕಂಪನಿಗೆ, ಮಲೆನಾಡು ಮೈಸೂರಿನ ಅರಸರಿಗೆ ಸಂದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಮಲ್ದಾರರಿಂದ ಇಷ್ಟು ಹಣವನ್ನು ಕೊಡಿಸಿಯೇ ತೀರುವೆವೆಂಬ ಕರಾರನ್ನು ಪಡೆಯುವ ಶರತ್ತು ಪದ್ಧತಿಯು ಬಂದು, ರೈತನಿಗೆ ಶಿಸ್ತಿನ ಕಾಲದ ಭರವಸೆಯು ಇಲ್ಲವಾಯಿತು. 1830ರ ಆಗಸ್ಟಿನಲ್ಲಿ ಬಸವಾಪಟ್ಟಣದಲ್ಲಿ ರೈತರ ಕೂಟವು ಸೇರಿತು. ಬೂದಿ ಬಸವಪ್ಪನೆಂಬವನು ತಾನು ನಗರದ ಅರಸರ ವಾರಸುದಾರನೆಂದು ಹೊರಟನು. ಹಿಂದಿನ ಅರಸರ ಗುರುವಾಗಿದ್ದ ಜಂಗಮರೊಬ್ಬರಿಂದ ಅವನಿಗೆ ರಾಜಮುದ್ರೆಯು ದೊರಕಿತ್ತೆಂದು ಹೇಳುತ್ತಾರೆ. ತೆರಿಗೆಯ ಬಾಕಿಯನ್ನು ಮನ್ನಾ ಮಾಡುವುದಾಗಿಯೂ ಕಂದಾಯವನ್ನು ಇಳಿಸುವುದಾಗಿಯೂ ಅವನು ಸಾರಿದನು. ಮೈಸೂರಿನಲ್ಲಿದ್ದ ತರೀಕೆರೆಯ ರಂಗಪ್ಪನಾಯಕನು ಗುಟ್ಟಾಗಿ ಹೊರಟುಬಂದು ತನ್ನ ಪೂರ್ವಜರ ಸೀಮೆಯಲ್ಲಿ ಬಾವುಟವೆತ್ತಿದನು. ಕಲ್ದುರ್ಗ, ಕಾಮನದುರ್ಗಗಳು ಅವನ ಕಡೆಯವರ ವಶವಾದುವು. ಎರಡು ಶತಮಾನಗಳ ಹಿಂದೆ ಹಗೆಗಳಾಗಿದ್ದ ಕೆಳದಿಯ ಹೆಸರೂ ತರೀಕೆರೆಯ ಹೆಸರೂ ಆಗ ಮೊದಲ ಬಾರಿಗೆ ಒಂದೇ ಪಕ್ಷದಲ್ಲಿ ನಿಂತುವು.

ಸಪ್ತಾಂಗದ ತಕ್ಕಡಿಯಲ್ಲಿ ಇದನ್ನು ತೂಗಿ ನೋಡೋಣ. ಸ್ವಾಮಿಯಿದ್ದನು, ಆದರೆ ಅವನ ಹಕ್ಕು ಸಂದಿಗ್ಧವಾಗಿತ್ತು. ದುರ್ಗಗಳಿದ್ದುವು. ದಂಡವು ಅಷ್ಟಿಷ್ಟು ಇತ್ತು. ಜನಪದವು ನಿಜವಾಗಿಯೂ ನೊಂದಿತ್ತು. ಈ ದಂಗೆಗೆ ಇದ್ದ ನಿಜವಾದ ಬಲ ಇದೊಂದೇ. ಆದರೆ ಕೋಶವಿರಲಿಲ್ಲ, ಬಂದರುಗಳು ಕಂಪನಿಯ ಕೈಯಲ್ಲಿದ್ದುವು. ಮಿತ್ರರಂತೂ ಯಾರೂ ಇರಲಿಲ್ಲ. ಕೇಂದ್ರವು ಕುಸಿದೂ ಇರಲಿಲ್ಲ; ಮೈಸೂರಿನ ಹಿಂದೆ ಕಂಪನಿಯ ಫಿರಂಗಿಗಳು ನಿಂತಿದ್ದುವು. 1831ರಲ್ಲಿ ನಗರವು ಮತ್ತೆ ಸರ್ಕಾರದ ವಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಂಪನಿಯು ಈ ದಂಗೆಯನ್ನೇ ಮುಖ್ಯ ಕಾರಣವಾಗಿ ತೋರಿಸಿ ಮೈಸೂರಿನ ಆಡಳಿತವನ್ನೇ ಅರಸರ ಕೈಯಿಂದ ತೆಗೆದುಕೊಂಡಿತು. ಅದು ಹಿಂದಿರುಗಿದುದು 1881ರಲ್ಲಿ. ಬೇರೆಯಾಗಲು ಹೊರಟವರಿಗೆ ರಾಜ್ಯವು ದೊರೆಯಲಿಲ್ಲ. ಅವರು ಯಾರಿಂದ ಬೇರೆಯಾಗಲು ಹೊರಟಿದ್ದರೋ ಆ ರಾಜ್ಯವೂ ಐವತ್ತು ವರ್ಷ ತನ್ನದಾಗಿ ಉಳಿಯಲಿಲ್ಲ. ಕಡೂರು, ತರೀಕೆರೆ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ಕಟುವಾದ ಪಾಠವಿಲ್ಲ.

ಹಾಗೆಂದು ಆ ರೈತರ ದುಃಖವು ಸುಳ್ಳಾಗಿತ್ತೆಂದು ತಿಳಿಯಬಾರದು. ಅವರು ಬಯಸಿದುದು ಹೊಸ ದೇಶವನ್ನಲ್ಲ, ಹಳೆಯ ಶಿಸ್ತನ್ನು. ಕೊಡಬೇಕಾದುದೆಷ್ಟು ಎಂಬುದನ್ನು ಮೊದಲೇ ತಿಳಿಸುವ ಒಂದು ನ್ಯಾಯವಾದ ಕ್ರಮ ಅವರಿಗೆ ಬೇಕಾಗಿತ್ತು. ನ್ಯಾಯದ ಬೇಡಿಕೆಯು ಕೇಳಿಸದೆ ಹೋದಾಗ ಅದು ರಾಜ್ಯದ ಬೇಡಿಕೆಯ ವೇಷವನ್ನು ಧರಿಸುತ್ತದೆ. ಇಂದು ಪ್ರತ್ಯೇಕತೆಯ ಮಾತನಾಡುವವರಲ್ಲಿಯೂ ಬಹುಮಂದಿಯ ಅಂತರಂಗವು ಇದೇ ಆಗಿದೆಯೆಂದು ತೋರುತ್ತದೆ. ಅವರನ್ನು ದ್ರೋಹಿಗಳೆಂದು ಹಳಿಯುವುದರಿಂದ ಪ್ರಯೋಜನವಿಲ್ಲ; ಅವರ ಲೆಕ್ಕವನ್ನು ಕೇಳಿ ತೀರಿಸುವುದೇ ಆಳುವವರ ಧರ್ಮ.

ಇಂದಿನ ಸ್ಥಿತಿಯು ಅಂದಿಗಿಂತ ಹೆಚ್ಚು ಹೆಣೆದುಕೊಂಡುದಾಗಿದೆ. 1947ರ ಆಗಸ್ಟಿನಲ್ಲಿ ಮೈಸೂರು ಭಾರತವನ್ನು ಸೇರಿತು. ಹೈದರಾಬಾದಿನ ನಿಜಾಮರು ಸ್ವತಂತ್ರವಾಗಿ ಉಳಿಯಬಯಸಿದರು. ಬಂದರಿಲ್ಲದ, ಸುತ್ತಲೂ ಭಾರತದ ನೆಲವೇ ಇದ್ದ ಆ ಸಂಸ್ಥಾನದ ಪ್ರಯತ್ನವು 1948ರ ಸೆಪ್ಟೆಂಬರಿನಲ್ಲಿ ಕೊನೆಗೊಂಡು, ಬೀದರ, ಕಲಬುರಗಿ, ರಾಯಚೂರುಗಳು 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿದುವು. ಭಾರತವು ರಾಜ್ಯಗಳ ಒಕ್ಕೂಟವೆಂದು ಸಂವಿಧಾನವು ಮೊದಲ ವಿಧಿಯಲ್ಲೇ ಹೇಳುತ್ತದೆ. ಅಲ್ಲಿ ಹೊರಹೋಗುವ ಬಾಗಿಲಿಲ್ಲ. ಕಾಗದದ ಮಾತು ಒತ್ತಟ್ಟಿಗಿರಲಿ, ನೀರಿನ ಮಾತನ್ನು ನೋಡೋಣ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರಿನ ಸುರಂಗವನ್ನು ಕೊರೆದು ಚಿತ್ರದುರ್ಗದ ಬರಡು ನೆಲಕ್ಕೆ ನೀರನ್ನು ಹರಿಸುವ ಕಾರ್ಯವು ನಡೆದಿದೆ. ಆ ನೀರು ಯಾರದು? ಭದ್ರೆಯು ತುಂಗೆಯನ್ನು ಕೂಡಿ, ತುಂಗಭದ್ರೆಯು ಕೃಷ್ಣೆಯನ್ನು ಸೇರಿ ಆಂಧ್ರದ ಸಮುದ್ರಕ್ಕೆ ಹರಿಯುತ್ತದೆ. ಅದರ ಪಾಲನ್ನು ನ್ಯಾಯಾಧಿಕರಣದ ಮುಂದೆ ವಾದಿಸಿ ಪಡೆಯಬೇಕಾಗಿದೆ. ಪಾಲಿನ ಬಗೆಗೆ ನಮಗೆ ಅಸಮಾಧಾನವಿರಬಹುದು. ಆದರೆ ಗಡಿಯಾಚೆಯ ಪರದೇಶದೊಡನೆ ಅದೇ ನೀರಿಗಾಗಿ ವಾದಿಸಬೇಕಾದಾಗ ನ್ಯಾಯಾಧಿಕರಣವೂ ಇರುವುದಿಲ್ಲ, ಅದರ ತೀರ್ಪನ್ನು ನಡೆಸಿಕೊಡುವ ಕೈಯೂ ಇರುವುದಿಲ್ಲ.

ಕರ್ನಾಟಕಕ್ಕೆ ಇಂದು ಕರಾವಳಿಯುಂಟು, ಮಂಗಳೂರು ಉಂಟು, ವಿದ್ಯೆಯುಂಟು, ಉದ್ಯಮವುಂಟು. ಕೋಶವೆಂಬ ಅಂಗದಲ್ಲಿ ಅದು ಅನೇಕ ಸ್ವತಂತ್ರ ದೇಶಗಳಿಗಿಂತ ಗಟ್ಟಿಯಾಗಿದೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಕೋಶವು ತುಂಬುತ್ತಿರುವುದೇ ಇಡೀ ಭಾರತವು ಅದಕ್ಕೆ ಸುಂಕವಿಲ್ಲದ ಸಂತೆಯಾಗಿರುವುದರಿಂದ. ಬೇರೆಯಾದ ದಿನ ಮಿತ್ರಾಂಗವು ಮುರಿಯುತ್ತದೆ. ಅದು ಮುರಿದಾಗ ಕೋಶವೂ ಸೋರುತ್ತದೆ. ಆದುದರಿಂದ ಬಾಳಬಲ್ಲುದೇ ಎಂಬ ಪ್ರಶ್ನೆಗೆ, ಕೇಂದ್ರವು ನಿಂತಿರುವಷ್ಟು ಕಾಲವೂ ನೆರೆಯವರು ಒಪ್ಪದಿರುವಷ್ಟು ಕಾಲವೂ ಬಾಳಲಾರದು ಎಂದೇ ಉತ್ತರಿಸಬೇಕಾಗುತ್ತದೆ.

ಕೆಳದಿನೃಪವಿಜಯವನ್ನು ಓದುವ ವಿದ್ಯಾರ್ಥಿಗಳು ಇನ್ನು ಮುಂದೆ ಅದರ ಪಕ್ಕದಲ್ಲಿ ಶಿಸ್ತಿನ ಕಡತವನ್ನೂ, ಪರದೇಶಿಯ ದಿನಚರಿಯನ್ನೂ, ತರೀಕೆರೆಯ ಸೋಲಿನ ಕಥೆಯನ್ನೂ ಇಟ್ಟುಕೊಂಡು ಓದುವುದು ಲೇಸು. ಇದರಿಂದ ಲಿಂಗಣ್ಣನ ಕಾವ್ಯಕ್ಕೆ ಕುಂದಿಲ್ಲ. ಕೆಳದಿಯ ಅರಸರ ಶಿವಭಕ್ತಿಗೂ ಕುಂದಿಲ್ಲ. ಭಕ್ತಿಯು ಅವರಿಗೆ ಆಳುವ ಧೈರ್ಯವನ್ನು ಕೊಟ್ಟಿತು. ರಾಜ್ಯವನ್ನು ಉಳಿಸಿದುದು ರೈತನಿಗೆ ತಿಳಿದಿದ್ದ ಕಂದಾಯದ ಲೆಕ್ಕ, ಬಸರೂರಿನ ಅಕ್ಕಿ, ಮತ್ತು ಸಖರಾಯಪಟ್ಟಣದಲ್ಲಿ ಹಳೆಯ ಒಡೆಯನಿಗೆ ಕೊಟ್ಟ ಆಶ್ರಯ. ಮುದ್ರೆಯುಂಗುರವನ್ನು ಬೆರಳಿಗೆ ಧರಿಸಿದವನು ಅರಸನಾಗುವುದಿಲ್ಲವೆಂಬುದನ್ನು 1830 ತೋರಿಸಿದೆ. ನಮ್ಮ ನಾಡಿನ ಪಾಲನ್ನು ನ್ಯಾಯವಾಗಿ ಕೇಳುವ ಹಕ್ಕನ್ನು ನಾವು ಎಂದಿಗೂ ಬಿಡಬಾರದು; ಕೇಳುವ ಸ್ಥಳವಾದ ಒಕ್ಕೂಟವನ್ನೂ ಬಿಡಬಾರದು.